ನೀನು ಯಾವ ಸೆಕ್ಷನ್?

ಏಳನೇ ಕ್ಲಾಸ್‌ವರೆಗೆ ಊರಿನ ಶಾಲೆ, ಎಂಟಕ್ಕೆ ಹೈಸ್ಕೂಲು. ಸರ್ಕಾರಿ ಶಾಲೆಯಲ್ಲಿ ಓದಿದ ನಮ್ಮಲ್ಲಿ ಬಹಳಷ್ಟು ಜನ ದಾಟಿ ಬಂದ ಹೊಸ್ತಿಲು ಇದು. ಸುತ್ತಮುತ್ತಲ ಊರುಗಳ ಮಕ್ಕಳೆಲ್ಲ ಒಂದೇ ಕಾಂಪೌಂಡಿನೊಳಗೆ ಬಂದು ಬೀಳ್ತಾರೆ. ಶಾಲೆ ಶುರುವಾದ ವಾರ ನೋಟಿಸ್ ಬೋರ್ಡಿಗೆ ಅಂಟಿಸೋ ಪಟ್ಟಿಯೊಂದು, ಮುಂದಿನ ಮೂರು ವರ್ಷ ಯಾರ ಪಕ್ಕ ಯಾರು ಕೂರಬೇಕು ಅಂತ ತೀರ್ಮಾನಿಸಿಬಿಡುತ್ತೆ. ಎ, ಬಿ, ಸಿ.

ಪಟ್ಟಿ ಮಾಡುವವರು ಸ್ನೇಹದ ಲೆಕ್ಕ ಹಾಕಿರಲ್ಲ. ಕನ್ನಡ ಮೀಡಿಯಂ ಯಾರು, ಇಂಗ್ಲಿಷ್ ಮೀಡಿಯಂ ಯಾರು, ಪ್ರಥಮ ಭಾಷೆ ಸಂಸ್ಕೃತ ತಗೊಂಡವರು ಯಾರು, ಇಷ್ಟು ನೋಡಿಕೊಂಡರೆ ಟೈಮ್‌ಟೇಬಲ್ ಸುಲಭ. ನಮ್ಮ ಕಾಲಕ್ಕೆ ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ ಇತ್ತು. ಸಂಸ್ಕೃತ ತಗೊಂಡ್ರೆ ಮಾರ್ಕ್ಸ್ ಉದುರುತ್ತೆ ಅನ್ನೋ ನಂಬಿಕೆ. ಅಂಕದ ಆಸೆಗೆ ಮಾಡಿದ ಆಯ್ಕೆ ಪಕ್ಕ ಕೂರುವವರನ್ನೂ ಬದಲಿಸುತ್ತೆ ಅಂತ ಅರ್ಜಿ ತುಂಬುವಾಗ ಯಾರಿಗೆ ಹೊಳೆಯುತ್ತೆ ಹೇಳಿ?

ನಮ್ಮೂರಿಂದ ಐದು ಜನ ಹುಡುಗರು ಹೋದೆವು. ನಾಲ್ವರು ಕನ್ನಡ ಮೀಡಿಯಂ, ಎ ಸೆಕ್ಷನ್. ಮಗ ಇಂಜಿನಿಯರ್ ಆಗಬೇಕು ಅಂತ ಅಪ್ಪ ಆಗಲೇ ನಿರ್ಧರಿಸಿದ್ದರಿಂದ ನಾನೊಬ್ಬ ಸಿ. ಆ ನಾಲ್ವರಲ್ಲಿ ಒಬ್ಬ ಪಕ್ಕದ ಮನೆಯವನು, ಒಂದನೇ ಕ್ಲಾಸಿಂದ ನನ್ನ ಜೊತೆ ಕೂತವನು. ನಾವೇನೂ ಜಗಳ ಆಡಲಿಲ್ಲ. ಬಸ್ಸಲ್ಲಿ ಒಟ್ಟಿಗೇ ಹೋಗ್ತಿದ್ವಿ. ಆದ್ರೆ ಅವರ ಸಮಾಜ ಮೇಷ್ಟ್ರು ಹೇಳಿದ ಜೋಕು ನನಗೆ ಗೊತ್ತಿಲ್ಲ, ನಮ್ಮ ಕ್ಲಾಸಲ್ಲಿ ಯಾರು ಏಟು ತಿಂದರು ಅಂತ ಅವನಿಗೆ ಗೊತ್ತಿಲ್ಲ. ವಿವರಿಸಿ ಹೇಳಬೇಕಾದ ಜೋಕು ಎಷ್ಟು ದಿನ ನಡೆಯುತ್ತೆ? ದಸರಾ ರಜೆ ಮುಗಿಯೋ ಹೊತ್ತಿಗೆ ಅವನು ಹಿಂದಿನ ಸೀಟಲ್ಲಿ ಎ ಸೆಕ್ಷನ್ನವರ ಜೊತೆ, ನಾನು ಕಂಡಕ್ಟರ್ ಹತ್ತಿರ.

ಮೊದಲ ತಿಂಗಳು ಊಟದ ಬೆಲ್ ಹೊಡೆದರೆ ಎಲ್ಲಿ ಕೂರೋದು ಅನ್ನೋದೇ ಚಿಂತೆ. ಕಾನ್ವೆಂಟಿಂದ ಬಂದವರು ಗುಂಪಾಗಿ ಕೂತು ಡಬ್ಬಿ ತೆಗೀತಿದ್ರು. ನಾನು ನಲ್ಲಿ ಹತ್ತಿರ ಐದು ನಿಮಿಷ ಕೈ ತೊಳೀತಿದ್ದೆ.

ಕೊನೆಗೆ ಗೆಳೆಯರು ಸಿಕ್ಕಿದ್ದು ಹಾಜರಿ ಪುಸ್ತಕದಿಂದ! ಟೆಸ್ಟಲ್ಲಿ, ಲ್ಯಾಬಲ್ಲಿ ನಂಬರ್ ಪ್ರಕಾರ ಕೂರಿಸ್ತಿದ್ರು. ಇದು ನನ್ನೊಬ್ಬನ ಕಥೆ ಅಲ್ಲ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಪೊಲೀಸ್ ತರಬೇತಿ ಶಾಲೆಯಲ್ಲಿ ಹೊಸಬರಿಗೆ ಅಡ್ಡಹೆಸರಿನ ಅಕ್ಷರಕ್ರಮದಲ್ಲೇ ಕೊಠಡಿ, ಸೀಟು ಕೊಡ್ತಿದ್ರು. ನಿಮ್ಮ ಆಪ್ತ ಗೆಳೆಯರು ಯಾರು ಅಂತ ಸಂಶೋಧಕಿ ಮೇಡಿ ಸೀಗಲ್ ಅವರನ್ನು ಕೇಳಿದಾಗ, ಅಕ್ಷರಕ್ರಮದಲ್ಲಿ ಹತ್ತಿರ ಇದ್ದವರ ಹೆಸರೇ ಹೆಚ್ಚಾಗಿ ಬಂತು. 1974ರಲ್ಲಿ ಪ್ರಕಟವಾದ ಅಧ್ಯಯನ ಅದು. ಇಂಜಿನಿಯರಿಂಗ್ ಕಾಲೇಜಲ್ಲಿ ಯುಎಸ್‌ಎನ್ ಪ್ರಕಾರ ಲ್ಯಾಬ್ ಬ್ಯಾಚ್ ಮಾಡ್ತಾರಲ್ಲ, ಅದೇ ಕಥೆ. ನನ್ನ ಮದುವೆ ಫೋಟೋದಲ್ಲಿ ಪಕ್ಕ ನಿಂತ ಮೂವರ ಹೆಸರೂ 'ಎಸ್'ನಿಂದಲೇ ಶುರು.

ಪಕ್ಕದ ಮನೆಯವನು ಈಗ ಊರಲ್ಲಿ ಟ್ರ್ಯಾಕ್ಟರ್ ಗ್ಯಾರೇಜ್ ಇಟ್ಟಿದ್ದಾನೆ. ಹಬ್ಬಕ್ಕೆ ಹೋದಾಗ ಮಳೆ, ಬೆಳೆ, ಇಎಂಐ ಎಲ್ಲ ಮಾತಾಡ್ತೀವಿ. ಅಪ್ಪನಿಗೆ ಹಾರ್ಟ್ ಆಪರೇಷನ್ ಆದಾಗ ರಾತ್ರಿ ಎರಡು ಗಂಟೆಗೆ ನಾನು ಫೋನ್ ಮಾಡಿದ್ದು ಮಾತ್ರ ಒಬ್ಬ 'ಎಸ್'ಗೆ.

ಈ ವರ್ಷ ಅಕ್ಕನ ಮಗಳು ಎಂಟನೇ ಕ್ಲಾಸ್. ಜೊತೆಗಿದ್ದ ಒಬ್ಬಳೇ ಗೆಳತಿ ಎ, ಇವಳು ಬಿ. "ಸೆಕ್ಷನ್ ಚೇಂಜ್ ಮಾಡ್ಸೋಕೆ ಆಗತ್ತಾ ಕೇಳೋ" ಅಂದಳು ಅಕ್ಕ. ಹೋಗಿ ಕೇಳಿದೆ. ಹೊಸಬರ ಜೊತೆ ಬೆರೀಲಿ ಬಿಡಿ ಅಂದ್ರು ಮೇಡಂ. ಅದು ಸರಿಯೇ, ಹಳೇ ಗುಂಪು ಪೂರ್ತಿ ಹಾಗೇ ಉಳಿದರೆ ಯಾರೂ ಬೆರೆಯಲ್ಲ. ಆದ್ರೆ ಪರಿಚಯದ ಒಂದೇ ಒಂದು ಮುಖ ಇದ್ದರೆ ಹೊಸಬರನ್ನು ಮಾತಾಡಿಸೋಕೂ ಧೈರ್ಯ ಬರುತ್ತೆ. ಅರ್ಜಿಯಲ್ಲಿ "ನಿನಗೆ ಗೊತ್ತಿರುವ ಒಬ್ಬರ ಹೆಸರು ಬರಿ" ಅಂತ ಒಂದು ಸಾಲು ಸೇರಿಸಿದರೆ ಸಾಕು, ಪ್ರತಿ ಮಗುವಿಗೂ ಒಬ್ಬ ಪರಿಚಯದವರು ಸಿಗೋ ಹಾಗೆ ಹಂಚೋ ಎಕ್ಸೆಲ್ ನಾನೇ ಮಾಡಿಕೊಡ್ತೀನಿ ಅಂದೆ. ಮುಂದಿನ ವರ್ಷ ನೋಡೋಣ ಅಂದ್ರು. ಈ ವರ್ಷಕ್ಕೆ ಒಂದು ಪಿ.ಟಿ. ಪಿರಿಯಡ್ ಎರಡೂ ಸೆಕ್ಷನ್ನಿಗೆ ಒಟ್ಟಿಗೇ ಹಾಕಿಸಿದ್ದಾರೆ.

ಮೊನ್ನೆ ರಾತ್ರಿ ಫೋನಲ್ಲಿ ಅವಳನ್ನು ಕೇಳಿದೆ, ಊಟಕ್ಕೆ ಯಾರ ಜೊತೆ ಕೂರ್ತೀಯ ಅಂತ.

"ನನ್ನ ಮುಂದಿನ ನಂಬರ್ ಹುಡುಗಿ ಜೊತೆ. ಸಿಕ್ಕಾಪಟ್ಟೆ ಮಾತಾಡ್ತಾಳೆ ಮಾಮ."