ಯಾರ ಪ್ರಾರ್ಥನೆ ಗೆದ್ದಿತು?

2018ರ ಆಗಸ್ಟ್. ನಾನು ಬೆಂಗಳೂರಲ್ಲಿ, ಅಮ್ಮ ಮಡಿಕೇರಿ ಹತ್ತಿರದ ನಮ್ಮ ಮನೇಲಿ. ಮಳೆ ಅಂದ್ರೆ ಮಳೆ! ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದ ಚಿತ್ರಗಳು ಟಿವಿಯಲ್ಲಿ. ಅಮ್ಮನ ಫೋನ್ ಸಿಗುತ್ತಿಲ್ಲ. ಭಾನುವಾರದ ಪೂಜೆಗೂ ನೆಟ್ಟಗೆ ಹೋಗದ ನಾನು ಅವತ್ತು ಮಂಡಿಯೂರಿದೆ. "ದೇವ್ರೇ, ನಮ್ಮ ಮನೆ ಹಿಂದಿನ ಗುಡ್ಡ ಒಂದು ಜಾರದಿರಲಿ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿಗೆ ಬಂದು ಮೇಣದಬತ್ತಿ ಹಚ್ತೀನಿ." ಈಗ ಯೋಚಿಸಿದರೆ ಅದು ಪ್ರಾರ್ಥನೆಯಲ್ಲ, ಚೌಕಾಸಿ.

ಗುಡ್ಡ ಜಾರಲಿಲ್ಲ. ಎರಡು ದಿನದ ಮೇಲೆ ಪರಿಹಾರ ಕೇಂದ್ರದಿಂದ ಅಮ್ಮ ಮಾತಾಡಿದಳು. "ನನ್ನ ಪ್ರಾರ್ಥನೆ ದೇವರು ಕೇಳಿದ" ಅಂದೆ ಖುಷಿಯಿಂದ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ನನ್ನ ಪಕ್ಕದ ಚಾಪೇಲಿ ಮಲಗಿರೋಳ ಮನೆ ಪೂರ್ತಿ ಹೋಯ್ತು ಮಗಾ. ಅವಳೂ ರಾತ್ರಿಯಿಡೀ ಜಪಸರ ಹಿಡ್ಕೊಂಡೇ ಇದ್ಲು."

ನನಗೆ ಉತ್ತರ ಹೊಳೆಯಲಿಲ್ಲ.

ಆ ಡಿಸೆಂಬರಿನಲ್ಲಿ ಹರಕೆ ತೀರಿಸೋಕೆ ವಿರಾಜಪೇಟೆಗೆ ಹೋದೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ಆಸರೆ ಕೊಟ್ಟು, 1792ರಲ್ಲಿ ಶುರುವಾದ ಚರ್ಚು ಅದು. ಬೆಂಚಿನ ಮೇಲೆ ಕೂತಾಗ ಅನ್ನಿಸಿತು: 1784ರಲ್ಲಿ ಕರಾವಳಿಯಿಂದ ಶ್ರೀರಂಗಪಟ್ಟಣಕ್ಕೆ ನಡೆದವರಲ್ಲಿ ಎಷ್ಟೋ ಜನ ದಾರಿಯಲ್ಲೇ, ಸೆರೆಯಲ್ಲೇ ಸತ್ತರು. ಅವರೂ ಪ್ರಾರ್ಥಿಸಿರಲೇಬೇಕು. ಉಳಿದವರ ಪ್ರಾರ್ಥನೆಯೇ ಹೆಚ್ಚು ಪ್ರಾಮಾಣಿಕ ಅಂತ ಹೇಳೋ ಧೈರ್ಯ ಯಾರಿಗಿದೆ? ಗೆತ್ಸೆಮನೆ ತೋಟದಲ್ಲಿ ಯೇಸುವೇ ಬೇಡಿಕೊಂಡ ಪಾತ್ರೆ ಅವನಿಂದ ತೊಲಗಲಿಲ್ಲ. ಆದರೆ ಅವನು ತನ್ನ ಭಯವನ್ನು ಮುಚ್ಚಿಡಲೂ ಇಲ್ಲ, ಚೌಕಾಸಿಗೂ ಇಳಿಯಲಿಲ್ಲ.

ಚಿಕ್ಕಂದಿನಿಂದ ಗಿಳಿಪಾಠದ ಹಾಗೆ ಒಪ್ಪಿಸಿದ ಪರಲೋಕ ಮಂತ್ರವನ್ನು ಅವತ್ತು ನಿಧಾನವಾಗಿ ಹೇಳಿಕೊಂಡೆ. ಅದರಲ್ಲಿ 'ನನ್ನ' ಅನ್ನೋ ಪದವೇ ಇಲ್ಲ! ತಂದೆ, ರೊಟ್ಟಿ, ತಪ್ಪು, ಎಲ್ಲವೂ 'ನಮ್ಮ'ವು. ನಮ್ಮ ಮನೆಯ ಗುಡ್ಡ ಮಾತ್ರ ಬಿಡಿಸಿ ಕೇಳೋಕೆ ಅಲ್ಲಿ ಜಾಗವೇ ಇಲ್ಲ.

ಮೇಣದಬತ್ತಿ ಒಂದರ ಬದಲು ಎರಡು ಹಚ್ಚಿದೆ. ಎರಡನೆಯದು ಆ ಪಕ್ಕದ ಚಾಪೆಯವರಿಗೆ. ಆಮೇಲೆ ನಾಚಿಕೆಯೂ ಆಯ್ತು, ಮನೆ ಹೋದವರಿಗೆ ಮೇಣದಬತ್ತಿಯೇ? ಅಮ್ಮನಿಂದ ಅವರ ನಂಬರ್ ತಗೊಂಡೆ. ಪ್ರಾರ್ಥನೆಯ ಉಳಿದ ಅರ್ಧ ಅಲ್ಲಿಂದ ಶುರುವಾಯ್ತು ಅಂತ ಕಾಣುತ್ತೆ.

ಈಗಲೂ ಮಾರ್ಚ್ ಬಂದರೆ ಕಾಫಿಗೆ ಹೂಮಳೆ ಬರಲಿ ಅಂತ ಕೇಳ್ತೀನಿ. ಕಣದಲ್ಲಿ ಮೆಣಸು ಒಣಗಿಸುತ್ತಿರೋ ಪಕ್ಕದ ತೋಟದವರು ಮಳೆ ಬೇಡ ಅಂತಿರಬಹುದು. ಹಾಗಾಗಿ ಕೇಳಿದ ಮೇಲೆ ಅವರನ್ನೂ ನೆನೆದು, ಸ್ವಲ್ಪ ಹೊತ್ತು ಸುಮ್ಮನೆ ಕೂರ್ತೀನಿ.

ನೀವು ಹೇಗೆ ಕೇಳ್ತೀರಿ?