ಸಾಲು ದಾಟುವ ಹಕ್ಕು

ಸಿಂಗಪುರ–ನ್ಯೂಯಾರ್ಕ್‌ನಂಥ 18 ತಾಸಿನ ಹಾರಾಟದಲ್ಲೂ ಸಿಬ್ಬಂದಿಗೂ ಪ್ರಯಾಣಿಕರಿಗೂ ಇರುವುದು ಅವೇ ಶೌಚಾಲಯಗಳು. ಸಾಲಿನಲ್ಲಿ ನಿಂತವರನ್ನು ದಾಟಿ ಸಿಬ್ಬಂದಿ ಒಳಹೊಕ್ಕರೆ ಗೊಣಗುವವರಿದ್ದಾರೆ: ದುಡ್ಡು ಕೊಟ್ಟವರು ನಾವಲ್ಲವೇ? ಆದರೆ 50 ಸೀಟಿಗೆ ಕನಿಷ್ಠ ಒಬ್ಬ ಸಿಬ್ಬಂದಿ ಇರಬೇಕು ಎಂಬ ನಿಯಮ ಇರುವುದು ಕಾಫಿ ಹಂಚಲಿಕ್ಕಲ್ಲ, ಅವಘಡವಾದರೆ ನಮ್ಮನ್ನು ಹೊರಗೆ ದಾಟಿಸಲಿಕ್ಕೆ. ಪೈಲಟ್‌ ಹೊರಬರುವುದಂತೂ ಇನ್ನೂ ರಗಳೆ. ಅಮೆರಿಕದ ಮೇಲಿನ 2001ರ ವಿಮಾನ ದಾಳಿಯ ನಂತರ ಎಷ್ಟೋ ವಿಮಾನಗಳಲ್ಲಿ ತಿಂಡಿಯ ಟ್ರಾಲಿಯನ್ನು ಅಡ್ಡ ನಿಲ್ಲಿಸಿಯೇ ಕಾಕ್‌ಪಿಟ್‌ ಬಾಗಿಲು ತೆರೆಯುತ್ತಾರೆ. ಅಂಥವರನ್ನು ಸಾಲಿನಲ್ಲಿ ಕಾಯಿಸುವುದೇ?

ಹಾಗಾದರೆ ಒಂದು ಶೌಚಾಲಯವನ್ನು ಸಿಬ್ಬಂದಿಗೇ ಮೀಸಲಿಡೋಣವೇ? ಬೇಡ, ಹೆಚ್ಚು ಹೊತ್ತು ಅದು ಖಾಲಿ ಬಿದ್ದಿರುತ್ತದೆ. ಸಾಲು ದಾಟುವ ಹಕ್ಕಷ್ಟೇ ಸಾಕು. ಸಿಟ್ಟು ಮಾಡುವುದಿದ್ದರೆ ಸೀಟು ತುರುಕಲು ಶೌಚಾಲಯವನ್ನೇ ಕಿರಿದು ಮಾಡಿದವರ ಮೇಲೆ ಮಾಡಿ.