ಹುಲ್ಲುಗಾವಲಿನ ಆ ಒಂದು ಮೈಲಿ

ಸ್ಕೌಟ್ ಮಕ್ಕಳು ಅಂಗಿಗೆ ಹೊಲಿಸಿಕೊಳ್ಳುವ ಬಟ್ಟೆಯ ಬಿಲ್ಲೆಗಳನ್ನು ಕಂಡರೆ ನನಗೆ ಗೌರವ. ಅಂಗೈಯಗಲದ ಬಟ್ಟೆ, ಸುತ್ತ ಬಣ್ಣದ ದಾರದ ಅಂಚು, ಇಷ್ಟೇ ಅದು. ಆದರೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಗೆಟಿಸ್‌ಬರ್ಗ್ ರಣಭೂಮಿಯಲ್ಲಿ ಅದಕ್ಕೆ ತೆರಬೇಕಾದ ಬೆಲೆ ಕಾಲ್ನಡಿಗೆ. ಇಲ್ಲಿ ಸ್ಕೌಟ್‌ಗಳಿಗೆ ಬಹುಕಾಲದಿಂದ ಎರಡು ಹಾದಿಗಳಿವೆ. ಅಮೆರಿಕದ ಅಂತರ್ಯುದ್ಧದಲ್ಲಿ ಕಾದಾಡಿದ ಉತ್ತರ ರಾಜ್ಯಗಳ ಸಿಪಾಯಿಯ ಅಡ್ಡಹೆಸರಿನ ‘ಬಿಲ್ಲಿ ಯಾಂಕ್’ ಹಾದಿ 9 ಮೈಲಿಗೂ ಉದ್ದ. ಅವುಗಳ ವಿರುದ್ಧ ನಿಂತ ದಕ್ಷಿಣ ರಾಜ್ಯಗಳ ಸಿಪಾಯಿಯ ಅಡ್ಡಹೆಸರಿನ ‘ಜಾನಿ ರೆಬ್’ ಹಾದಿ ಅದಕ್ಕಿಂತ ಚಿಕ್ಕದು. ಕೈಯಲ್ಲೊಂದು ಪುಸ್ತಿಕೆ, ಅದರಲ್ಲಿ ಪ್ರಶ್ನೆಗಳು. ಉತ್ತರ ಬೇಕಿದ್ದರೆ ಸ್ಮಾರಕದ ಬುಡಕ್ಕೇ ಹೋಗಿ ಕಲ್ಲಿನ ಮೇಲಿನ ಅಕ್ಷರ ಓದಬೇಕು. 1,300ಕ್ಕೂ ಹೆಚ್ಚು ಸ್ಮಾರಕಗಳು ಅಲ್ಲಿ ನಿಂತಿವೆ.

1863ರ ಜುಲೈ 1ರಿಂದ 3ರವರೆಗೆ ಇಲ್ಲಿ ನಡೆದ ಯುದ್ಧದಲ್ಲಿ ಎರಡೂ ಕಡೆಯ ಸುಮಾರು 51,000 ಮಂದಿ ಸತ್ತರು, ಗಾಯಗೊಂಡರು, ಸೆರೆಯಾದರು ಅಥವಾ ಕಾಣೆಯಾದರು. ಈ ಅಂಕಿಯನ್ನು ಯಾವ ಶಾಲೆಯಲ್ಲಾದರೂ ಬಾಯಿಪಾಠ ಮಾಡಿಸಬಹುದು. ನೆಲವನ್ನು ಮಾತ್ರ ಬಾಯಿಪಾಠ ಮಾಡಿಸಲಾಗುವುದಿಲ್ಲ. ಅದನ್ನು ನಡೆದೇ ತಿಳಿಯಬೇಕು.

ಬಿಲ್ಲೆಯ ದಾರಿಯಲ್ಲೆಲ್ಲ ನನಗೆ ಮುಖ್ಯವಾಗಿ ಕಾಣುವುದು ಮೂರನೆಯ ದಿನದ ಆ ಒಂದು ಮೈಲಿ. ಪಶ್ಚಿಮದ ಕಾಡಂಚಿನಲ್ಲಿ ಕುದುರೆಯೇರಿದ ದಕ್ಷಿಣದ ಸೇನಾಪತಿ ಲೀ ಪ್ರತಿಮೆಯಿರುವ ವರ್ಜೀನಿಯಾ ಸ್ಮಾರಕ. ಎದುರಿನ ದಿಣ್ಣೆಯ ಮೇಲೆ ಉತ್ತರದ ಸೇನಾಪತಿ ಮೀಡ್ ಕುದುರೆಯೇರಿ ನಿಂತಿದ್ದಾನೆ. ನಡುವೆ ಬರೀ ಹುಲ್ಲು. ಕಾರಿನ ಕಿಟಕಿಯಿಂದ ನೋಡಿದರೆ ಆ ಬಯಲು ಹಾಸಿದ ಚಾಪೆಯಂತೆ ಸಮತಟ್ಟು. ಅದರೊಳಕ್ಕೆ ಕಾಲಿಟ್ಟ ಮೇಲೆ ಬೇರೆಯೇ ಅನುಭವ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ನೆಲ ಕುಸಿಯುತ್ತದೆ, ಎದುರಿನ ದಿಣ್ಣೆ ಮರೆಯಾಗುತ್ತದೆ, ಪಕ್ಕದಲ್ಲಿ ಬರುತ್ತಿದ್ದ ಗುಂಪೂ ಕಾಣದಾಗುತ್ತದೆ. ಮತ್ತೆ ಏರು. ಏರಿದೊಡನೆ ಫಿರಂಗಿಗಳ ಸಾಲು ಹಿಂದಿಗಿಂತ ಹತ್ತಿರ. ಅಂದು ಸುಮಾರು 12,500 ಜನ ದಕ್ಷಿಣದ ಸೈನಿಕರು ಈ ತಗ್ಗುದಿಣ್ಣೆಗಳಲ್ಲೇ ಸಾಲು ಕಟ್ಟಿ ನಡೆದರು. ಆ ಮಧ್ಯಾಹ್ನ ಊರಿನ ಕಾಲೇಜಿನ ಪ್ರಾಧ್ಯಾಪಕ ಮೈಕೆಲ್ ಜೇಕಬ್ಸ್ ಅಳೆದ ತಾಪಮಾನ 87 ಡಿಗ್ರಿ ಫ್ಯಾರನ್‌ಹೀಟ್. ಉಣ್ಣೆಯ ಅಂಗಿ, ಹೆಗಲಿಗೆ ಬಂದೂಕು. ತಗ್ಗಿನಲ್ಲಿರುವಷ್ಟು ಹೊತ್ತು ಸ್ವಲ್ಪ ರಕ್ಷಣೆ. ಬಯಲನ್ನು ಅಡ್ಡ ಹಾಯುವ ಎಮಿಟ್ಸ್‌ಬರ್ಗ್ ರಸ್ತೆಯ ಬೇಲಿ ಹತ್ತಿದವನಿಗೆ ಅದೂ ಇಲ್ಲ. ಅವರಲ್ಲಿ ಅರ್ಧದಷ್ಟು ಮಂದಿ ಸತ್ತರು, ಗಾಯಗೊಂಡರು ಅಥವಾ ಸೆರೆಯಾದರು.

ಒಂದು ಸ್ಕೌಟ್ ದಳದ ಹಿಂದೆ ನಾನೂ ಆ ಬಯಲು ದಾಟಿದ್ದೇನೆ. ಹೊರಡುವಾಗ ಮಕ್ಕಳ ಗಲಾಟೆ ಸಾಕಷ್ಟಿತ್ತು. ರಸ್ತೆ ತಲುಪುವ ಹೊತ್ತಿಗೆ ಒಬ್ಬ ಹುಡುಗ ನಿಂತು ಹಿಂದಕ್ಕೆ ನೋಡಿ, “ಇಲ್ಲಿಂದಲೇ ವಾಪಸು ಹೋಗಬಹುದಿತ್ತಲ್ಲ, ಯಾಕೆ ಹೋಗಲಿಲ್ಲ?” ಎಂದು ಕೇಳಿದ. ದಳದ ನಾಯಕಿ ಸಿದ್ಧ ಉತ್ತರ ಕೊಡಲಿಲ್ಲ. ಉಳಿದ ದೂರ ನಡೆಯುತ್ತ ಯೋಚಿಸು ಎಂದಳು. ಅವನ ಪುಸ್ತಿಕೆಯಲ್ಲಿ ಆ ಪ್ರಶ್ನೆ ಇರಲಿಲ್ಲ. ಅದು ಹುಟ್ಟಿದ್ದು ಕಾಲು ಸೋತಾಗ. ಇಂಥ ಪ್ರಶ್ನೆಯೊಂದು ಎದ್ದರೆ ಸಾಕು, ಆ ಹಾದಿಯನ್ನು ರೂಪಿಸಿದವರ ಶ್ರಮ ಸಾರ್ಥಕ.

ಇದೇ ರಣಭೂಮಿಯ ಲಿಟ್ಲ್ ರೌಂಡ್ ಟಾಪ್ ಬೆಟ್ಟವನ್ನು ಮಕ್ಕಳು ಬಲು ಇಷ್ಟಪಡುತ್ತಾರೆ. ಗುಂಡು ಮುಗಿದಾಗ ಬಯೊನೆಟ್ ಹಿಡಿದು ಇಳಿದ ಮೇನ್ ರಾಜ್ಯದ 20ನೇ ದಳ, ಅದರ ನಾಯಕನಾಗಿದ್ದ ಕಾಲೇಜು ಮೇಷ್ಟ್ರು ಚೇಂಬರ್‌ಲೇನ್, ಇದೆಲ್ಲ ಹೇಳುವುದಕ್ಕೂ ಕೇಳುವುದಕ್ಕೂ ಸೊಗಸು. ಅದು ಎಲ್ಲರಿಗೂ ಗೊತ್ತಿರುವ ಕಥೆ.

ಅಷ್ಟು ಪ್ರಚಾರ ಪಡೆಯದ ಕಥೆಯೆಂದರೆ ಸ್ಕೌಟ್‌ಗಳದ್ದೇ. ಸ್ಕೌಟ್ ಚಳವಳಿ 1909ರಲ್ಲೇ ನಮ್ಮ ಬೆಂಗಳೂರಿಗೆ ಬಂದಿತ್ತು. ಆಗ ಅದರಲ್ಲಿ ಭಾರತೀಯ ಮಕ್ಕಳಿಗೆ ಪ್ರವೇಶವಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆ ಹುಟ್ಟಿದ್ದು 1910ರಲ್ಲಿ. ಮೂರೇ ವರ್ಷಕ್ಕೆ, 1913ರ ಜುಲೈನಲ್ಲಿ, ಯುದ್ಧದ ಐವತ್ತನೆಯ ವರ್ಷಕ್ಕೆಂದು ಎರಡೂ ಕಡೆಯ 50,000ಕ್ಕೂ ಹೆಚ್ಚು ಮುದಿ ಯೋಧರು ಗೆಟಿಸ್‌ಬರ್ಗ್‌ನಲ್ಲಿ ಸೇರಿದರು. ಸುಡುಬಿಸಿಲಿನಲ್ಲಿ ಅವರಿಗೆ ದಾರಿ ತೋರಿಸಿದವರು, ಚೀಟಿ ಸಾಮಾನು ಮುಟ್ಟಿಸಿದವರು, ಕೈಹಿಡಿದು ನಡೆಸಿದವರು ಸ್ಕೌಟ್ ಹುಡುಗರು. 1938ರಲ್ಲಿ ಕೊನೆಯ ದೊಡ್ಡ ಸಮಾವೇಶ ನಡೆದಾಗ ಬದುಕುಳಿದು ಬಂದವರು ಎರಡು ಸಾವಿರವೂ ಇರಲಿಲ್ಲ, ಬಹುತೇಕ ಎಲ್ಲರೂ ತೊಂಬತ್ತರ ಆಸುಪಾಸಿನವರು. ಅವರ ಗಾಲಿಕುರ್ಚಿಗಳನ್ನು ತಳ್ಳಿದವರಲ್ಲೂ ಸ್ಕೌಟ್‌ಗಳಿದ್ದರು. ಇಂದಿನ ಬಿಲ್ಲೆಯ ನಡಿಗೆಗೆ ನಿಜವಾದ ಪೂರ್ವಜರು ಸೇನಾಪತಿಗಳಲ್ಲ, ಈ ಹುಡುಗರು ಎಂದು ನಾನು ನಂಬುತ್ತೇನೆ.

ಆದರೆ 1913ರಲ್ಲಿ, ದಕ್ಷಿಣದ ಸೈನಿಕರ ಆ ಒಂದು ಮೈಲಿ ಕೊನೆಗೊಂಡ ದಿಣ್ಣೆಯ ಕಲ್ಲುಗೋಡೆಯ ಬಳಿ ವೃದ್ಧರು ಕೈಕುಲುಕಿದಾಗ, ಯುದ್ಧ ಯಾತಕ್ಕಾಗಿ ನಡೆಯಿತೆಂಬ ಮಾತು ಹಿಂದೆ ಸರಿಯಿತು. ಗುಲಾಮಗಿರಿಯ ಹೆಸರೆತ್ತದೆ ಶೌರ್ಯವನ್ನಷ್ಟೇ ಕೊಂಡಾಡುವುದು ಸುಲಭವಾಯಿತು. ಅದೇ ಗೋಡೆಯಿಂದ ಸ್ವಲ್ಪವೇ ದೂರದಲ್ಲಿ ಒಂದು ಪುಟ್ಟ ಬಿಳಿ ಮನೆಯಿದೆ. ಅದು ಅಬ್ರಹಾಂ ಬ್ರಯನ್ ಎಂಬ ಸ್ವತಂತ್ರ ಕಪ್ಪು ರೈತನದು. ಸುಮಾರು 12 ಎಕರೆ ಜಮೀನಿದ್ದವನು. ದಕ್ಷಿಣದ ಸೇನೆ ಪೆನ್ಸಿಲ್ವೇನಿಯಾಕ್ಕೆ ನುಗ್ಗಿದಾಗ ಕಪ್ಪು ಜನರನ್ನು ಹಿಡಿದು ಗುಲಾಮಗಿರಿಗೆ ಒಯ್ಯುತ್ತಿತ್ತು. ಬ್ರಯನ್ ಸಂಸಾರಸಮೇತ ಊರು ಬಿಟ್ಟ. ಹಿಂದಿರುಗಿದಾಗ ಹೊಲ ಹಾಳು, ಬೆಳೆ ಇಲ್ಲ. ಮತ್ತೊಬ್ಬ ಬೇಸಿಲ್ ಬಿಗ್ಸ್, ಅವನೂ ಕಪ್ಪು ರೈತ. ಹೊಲಗದ್ದೆಗಳಲ್ಲಿ ಅವಸರವಾಗಿ ಹೂತಿದ್ದ ಉತ್ತರದ ಸೈನಿಕರ 3,000ಕ್ಕೂ ಹೆಚ್ಚು ಶವಗಳನ್ನು ಹೊರತೆಗೆಯುವ ಕೆಲಸ ನಡೆಸಿದವರು ಅವನೂ ಅವನ ಆಳುಗಳೂ. 1863ರ ನವೆಂಬರ್ 19ರಂದು ಲಿಂಕನ್ ಎರಡೇ ನಿಮಿಷ ಮಾತಾಡಿದ ಆ ರುದ್ರಭೂಮಿಗೆ ಶವಗಳನ್ನು ಸೇರಿಸಿದ್ದು ಇಂಥ ಕೈಗಳು. ಅಲ್ಲಿ ಸಾವಿರದ ಹತ್ತಿರ ಗುರುತಿಲ್ಲದವರ ಕಲ್ಲುಗಳಿವೆ. ಹೆಸರಿಲ್ಲ, ಸಂಖ್ಯೆ ಮಾತ್ರ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ತಂದೆತಾಯಿಯರಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ನಿಮ್ಮ ಮಗನೋ ಮಗಳೋ ಸ್ಕೌಟ್ ಆಗಿದ್ದು ಗೆಟಿಸ್‌ಬರ್ಗ್‌ಗೆ ಹೊರಟರೆ, ನೀವೂ ಜೊತೆಗೆ ಹೋಗಿ. ಕಾರಿನಲ್ಲಿ ಸುತ್ತು ಹಾಕಿ ಕೊನೆಯಲ್ಲಿ ಮಗುವನ್ನು ಹತ್ತಿಸಿಕೊಳ್ಳಬೇಡಿ. ಬಯಲನ್ನು ಅವರೊಡನೆ ಪೂರ್ತಿ ನಡೆಯಿರಿ. ಪುಸ್ತಿಕೆಯಲ್ಲಿ ಪ್ರಶ್ನೆ ಇರಲಿ, ಇಲ್ಲದಿರಲಿ, ಬ್ರಯನ್‌ನ ಮನೆಯ ಮುಂದೆ ನಿಂತು ಅವನ ವಿಷಯವನ್ನು ಮಕ್ಕಳಿಗೆ ಹೇಳಿ.